ಕೆಂಪು ಖಣದ ಕಾಯಿ

"ಕಾಲು ತಗೀರಿ."

ಡ್ರೈವರ್ ಸೀಟಿನಲ್ಲಿ ಕುಳಿತಿದ್ದ ಗೀತಾಂಜಲಿ ಬೆಚ್ಚಿಬಿದ್ದಳು. ತೆರೆದ ಬಾಗಿಲಿನ ಹೊರಗೆ ಯಾರೋ ಮಂಡಿಯೂರಿ ಕುಳಿತಿದ್ದರು. ತಲೆ ಬಗ್ಗಿಸಿದ್ದರಿಂದ ಮುಖ ಕಾಣಲಿಲ್ಲ, ಕೈ ಮಾತ್ರ ಕಂಡಿತು.

ಆ ಕೈ ಅವಳ ಪಾದದ ಪಕ್ಕದಿಂದ ಒಳಗೆ ಸರಿಯಿತು. ಬ್ರೇಕ್ ಪೆಡಲಿನ ಹಿಂದೆ ಹೋಯಿತು. ಬೆರಳು ಅಗಲಿಸಿ ನೆಲವನ್ನೆಲ್ಲ ಸವರಿತು... ಮೂಲೆ, ಮ್ಯಾಟಿನ ಅಡಿ, ಸೀಟಿನ ಅಡಿ. ಬಿದ್ದುಹೋದ ಮೂಗುತಿ ಹುಡುಕುವವರ ಹಾಗೆ!

ಮಣಿಕಟ್ಟಿನ ಮೇಲೊಂದು ಹಳೆಯ ಸುಟ್ಟ ಕಲೆ.

ಗೀತಾಂಜಲಿ ಬಗ್ಗಿ ನೋಡಿದಳು. ಈ ಕಲೆ... ಈ ಕಲೆ ನನಗೆ ಗೊತ್ತು! ಬಿಸಿ ಸೈಲೆನ್ಸರ್ ತಾಗಿ ಸುಟ್ಟದ್ದು. ಅದಕ್ಕೆ ಅರಿಶಿನ ಹಚ್ಚಿದವಳೇ ನಾನು!

"ಹಾಂ, ಈಗ ಬ್ರೇಕ್ ಒಮ್ಮಿ ಒತ್ತಿ ನೋಡ್ರಿ," ಎನ್ನುತ್ತ ಅವನು ತಲೆ ಎತ್ತಿದ.

ಗುರುಲಿಂಗ!

ಅವನೂ ಅವಳನ್ನು ಗುರುತಿಸಿದ. ಗಡಬಡಿಸಿ ಎದ್ದು ನಿಂತವನು, ಮೊದಲು ಮಾಡಿದ ಕೆಲಸ ಏನು ಗೊತ್ತೇ? ಎರಡೂ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

"ನೀವು ಮುಟ್ಟಿದ ಬ್ರೇಕ್ ಮ್ಯಾಲೆ ನಾ ಕಾಲು ಇಡೂದಿಲ್ಲ," ಎಂದಳು ಗೀತಾಂಜಲಿ. ಅವಳ ಧ್ವನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು.

"ಆತ್ರಿ," ಎಂದ ಅವನು, ನೆಲ ನೋಡುತ್ತ.

ಮೆಟ್ಟಿಲ ಮೇಲೆ ಚಹಾದ ಲೋಟ ಹಿಡಿದು ನಿಂತಿದ್ದ ಮನೆಯೊಡತಿ ರೂಪಿಬಾಯಿಗೆ ಏನೂ ಅರ್ಥವಾಗಲಿಲ್ಲ. "ಕಿತೆಂ ಜಾಲೆಂ ಗೊ? ಏನಾಯ್ತು ನಿಮ್ಮಿಬ್ಬರಿಗೆ?"

ಏನಾಯ್ತು ಎಂದು ಹೇಳಲು ಗೀತಾಂಜಲಿಗೆ ನಾಲ್ಕು ವರ್ಷ ಹಿಂದೆ ಹೋಗಬೇಕಿತ್ತು. ನಾವಾದರೂ ಹೋಗಿ ಬರೋಣ, ಬನ್ನಿ.

* * *

2006. ಗೋವೆಯ ಗಣಿ ಸೀಮೆಯ ಕುಡಚಡೆಯಲ್ಲಿ ಗೀತಾಂಜಲಿಯ ಮನೆಯವರದು ಎರಡು ಕೋಣೆಯ ಬಾಡಿಗೆ ಮನೆ. ಅದಿರಿನ ಲಾರಿಗಳು ಹಗಲೆಲ್ಲ ಓಡಾಡಿ, ಒಗೆದು ಹಾಕಿದ ಬಟ್ಟೆಯೂ ಕೆಂಪು, ಅಂಗಳದ ತುಳಸಿಯೂ ಕೆಂಪು. ಗುಳೇದಗುಡ್ಡದ ಕಡೆಯಿಂದ ದುಡಿಯಲು ಬಂದ ತಾಯಿ ಚಂದವ್ವ ಖಾನಾವಳಿಗೆ ರೊಟ್ಟಿ ಬಡಿಯುತ್ತಿದ್ದಳು. ತಮ್ಮ ಸೋಮು ಇಪ್ಪತ್ತೆರಡನೇ ವಯಸ್ಸಿಗೇ ಒಂದು ಹಳೆಯ ಬಿಳಿ ಕಾರು ಕೊಂಡು ಬಾಡಿಗೆಗೆ ಓಡಿಸತೊಡಗಿದಾಗ ಮನೆಯಲ್ಲಿ ಹಬ್ಬವೋ ಹಬ್ಬ!

ಆ ಮನೆಯಲ್ಲೊಂದು ಪದ್ಧತಿ ಇತ್ತು. ಗಾಡಿ ಬಂತೆಂದರೆ ಬನಶಂಕರಿಗೆ ಹರಕೆ ಕಾಯಿ. ಸುಲಿದ ತೆಂಗಿನಕಾಯಿಯನ್ನು ಕೆಂಪು ರವಿಕೆ ಖಣದಲ್ಲಿ ಗಂಟು ಕಟ್ಟಿ, ಮುಂದಿನ ಗಾಜಿನ ಬುಡದಲ್ಲಿ ಇಡಬೇಕು. ಗಾಡಿ ಊರಿಗೆ ಹೋಗಿ ತಾಯಿಯ ಎದುರು ಕಾಯಿ ಒಡೆಯುವವರೆಗೆ ಅದು ಗಾಡಿಯಲ್ಲೇ ಇರಬೇಕು.

ಚಂದವ್ವ ತನ್ನ ಮದುವೆಯ ಖಣವನ್ನೇ ಅರ್ಧಕ್ಕೆ ಕತ್ತರಿಸಿ ಕಾಯಿ ಕಟ್ಟಿದ್ದಳು.

ಬ್ರೇಕು ಹಿಡಿಯುವುದು ತಡವಾಗುತ್ತಿದೆ ಎಂದು ಸೋಮು ಕಾರನ್ನು ಬಾಬುಸಾಬನ ಗ್ಯಾರೇಜಿಗೆ ಬಿಟ್ಟ. ಜೊತೆಗೆ ಅಕ್ಕನೂ ಹೋದಳು. ಅಲ್ಲಿದ್ದ ಮಿಸ್ತ್ರಿಯೇ ಈ ಗುರುಲಿಂಗ. ಎರಡು ತಿಂಗಳಿಂದ ಗೀತಾಂಜಲಿಗೆ ಆ ದಾರಿಯಲ್ಲಿ ಏನಾದರೊಂದು ಕೆಲಸ ಬೀಳುತ್ತಲೇ ಇತ್ತು. ಯಾಕೆ ಅಂತ ನಾನು ಹೇಳಬೇಕೇ?

ಹೊಸ ಬ್ರೇಕ್ ಶೂ ಹಾಕಿ, ನಾಲ್ಕು ಸಲ ಓಡಿಸಿ ನೋಡಿ, ಕೊನೆಗೆ ಗುರುಲಿಂಗ ಗಾಜಿನ ಬುಡದ ಕಾಯಿಯನ್ನು ಎತ್ತಿಕೊಂಡ.

"ಇದು ಡಿಕ್ಕಿಯೊಳಗ ಇರ್ಲಿ. ಮುಂದಿದ್ರ ಉರುಳ್ತೈತಿ."

"ಅಯ್ಯ! ದೇವರ ಕಾಯಿ ಏನು ಸ್ಟೆಪ್ನಿ ಏನ್ರಿ, ಹಿಂದ ಹಾಕಾಕ?" ಎಂದು ಗೀತಾಂಜಲಿ ಮುಖ ಊದಿಸಿದಳು.

"ತಾಯಿಗೆ ಡಿಕ್ಕಿಯೊಳಗಿಂದನೂ ಎಲ್ಲಾ ಕಾಣ್ತೈತ್ರಿ. ನಿಮ್ಮ ತಮ್ಮಗ ಮುಂದಿನ ರಸ್ತೆ ಕಂಡ್ರ ಸಾಕು."

ಸೋಮು ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವಿನ ಗದ್ದಲದಲ್ಲೇ, ಕಾಯಿ ಡಿಕ್ಕಿಗಿಟ್ಟ ಗುರುಲಿಂಗನ ಕೈ ಹಿಂದಿನ ಬಿಸಿ ಸೈಲೆನ್ಸರಿಗೆ ತಾಗಿತು. ಬಾಬುಸಾಬನ ಹೆಂಡತಿ ಲಾಡಬಿ ಒಳಗಿಂದ ಅರಿಶಿನ ತಂದು, ಹಚ್ಚುವ ಕೆಲಸವನ್ನು ಬೇಕೆಂದೇ ಗೀತಾಂಜಲಿಗೆ ಒಪ್ಪಿಸಿ, ಮುಸಿಮುಸಿ ನಗುತ್ತ ಒಳಗೆ ಹೋದಳು. ಸುಟ್ಟ ಕೈ ಅವನದು, ಕೆಂಪಾದ ಮುಖ ಇವಳದು!

ಮೂರನೆಯ ದಿನ ಬೆಳಿಗ್ಗೆ ಸೋಮು ಗಿರಾಕಿಯನ್ನು ಇಳಿಸಿ ಒಬ್ಬನೇ ವಾಪಸು ಬರುತ್ತಿದ್ದ. ಊರ ಹೊರಗಿನ ಇಳಿಜಾರಿನಲ್ಲಿ ನಿಂತಿದ್ದ ಅದಿರಿನ ಲಾರಿಯ ಹಿಂಭಾಗಕ್ಕೆ ಅವನ ಕಾರು ಹೋಗಿ ಬಡಿಯಿತು.

ಸೋಮು ಉಳಿಯಲಿಲ್ಲ.

"ಬ್ರೇಕ್ ಫೇಲ್," ಎಂದರು ಎಲ್ಲರೂ. ಸುದ್ದಿ ಕೇಳಿ ಮೊದಲು ಓಡಿಹೋಗಿ ಅವನನ್ನು ಹೊರಗೆಳೆದವನು ಗುರುಲಿಂಗನೇ. ಜನ ಅವನನ್ನು ಸುತ್ತಿಕೊಂಡು, "ಬ್ರೇಕ್ ಮಾಡಿದಾಂವ ನೀನ ಅಲ್ಲೇನು?" ಎಂದು ಕೇಳಿದರು.

"ಹೌದ್ರಿ. ತಪ್ಪು ನಂದ," ಎಂದ ಅವನು. ಅಷ್ಟೇ. ಒಂದು ನೆಪ ಹೇಳಲಿಲ್ಲ.

ತಮ್ಮನ ಹೆಣದ ಮುಂದೆ ಕುಳಿತ ಗೀತಾಂಜಲಿ, ಬಾಗಿಲಲ್ಲಿ ನಿಂತವನನ್ನು ನೋಡಿ ಕಿರುಚಿದಳು. "ನನ್ನ ತಮ್ಮನ್ನ ಕೊಂದ ಕೈ ಅವು! ಇನ್ನ ಮುಂದ ಆ ಕೈ ನನಗ ತೋರಸಬ್ಯಾಡ್ರಿ!"

ಅವನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಹಾಗೆಯೇ ಹೊರಟುಹೋದ. ಮರುವಾರ ಊರನ್ನೂ ಬಿಟ್ಟ.

* * *

ಈಗ 2010, ಊರು ಗೋವೆಯದೇ ಮ್ಹಾಪಸಾ. ಗೀತಾಂಜಲಿ ಒಂದೂವರೆ ವರ್ಷದಿಂದ ರೂಪಿಬಾಯಿಯ ಮನೆಯಲ್ಲಿ ಕೆಲಸಕ್ಕಿದ್ದಾಳೆ. ರೂಪಿಬಾಯಿ ಕಾರವಾರದಲ್ಲಿ ಹುಟ್ಟಿ ಗೋವೆಗೆ ಸೊಸೆಯಾಗಿ ಬಂದ, ಈಗ ಒಂಟಿಯಾಗಿರುವ ನಿವೃತ್ತ ಟೀಚರು. ಕಣ್ಣಿಗೆ ಪೊರೆ ಬಂದು ಡಾಕ್ಟರು ಕಾರು ಓಡಿಸಬೇಡಿ ಎಂದ ಮೇಲೆ, "ಇನ್ನು ನೀನೇ ನನ್ನ ಕಣ್ಣು," ಎಂದು ಗೀತಾಂಜಲಿಯನ್ನು ಡ್ರೈವಿಂಗ್ ಸ್ಕೂಲಿಗೆ ಕಳಿಸಿದ್ದರು.

ಕ್ಲಚ್ಚು ಬಂತು, ಗೇರು ಬಂತು. ಬ್ರೇಕು ಮಾತ್ರ ಬರಲಿಲ್ಲ.

ಬ್ರೇಕಿನ ಮೇಲೆ ಕಾಲಿಟ್ಟ ಕೂಡಲೇ ಕಾಲು ಮರಗಟ್ಟುತ್ತಿತ್ತು. ಇದು ಹಿಡಿಯುವುದಿಲ್ಲ, ಸೋಮುಗೆ ಹಿಡಿಯಲಿಲ್ಲ, ನನಗೂ ಹಿಡಿಯುವುದಿಲ್ಲ... ಮೇಲೆ ನೋಡಿದರೆ ಕನ್ನಡಿಯಲ್ಲಿ ಸೋಮು! ಹಿಂದಿನ ಸೀಟಿನಲ್ಲಿ ಅದೇ ನೀಲಿ ಚೌಕುಳಿ ಅಂಗಿ. ಮಾತಿಲ್ಲ, ಕತೆಯಿಲ್ಲ. ಬಗ್ಗಿ ಬಗ್ಗಿ ತನ್ನ ಕಾಲ ಕೆಳಗೆ ನೋಡುತ್ತಿದ್ದ. ತಿರುಗಿ ನೋಡಿದರೆ ಸೀಟು ಖಾಲಿ.

ಇದನ್ನು ಯಾರಿಗೆ ಹೇಳುವುದು? ಹೇಳಿದರೆ ಹುಚ್ಚಿ ಎಂದಾರು.

ಸ್ಕೂಲಿನ ಮಾಸ್ತರ ಕೈಚೆಲ್ಲಿದ. ಆಗ ರೂಪಿಬಾಯಿ ಕರೆಸಿದ್ದು ಮಾರ್ಕೆಟ್ಟಿನ ಹಿಂದೆ ಸಣ್ಣ ಶೆಡ್ಡು ಹಾಕಿಕೊಂಡಿದ್ದ ತಮ್ಮ ನಂಬಿಕೆಯ ಮಿಸ್ತ್ರಿಯನ್ನು. "ಗುರು ಕಲಿಸ್ತಾನೆ. ಅವನಷ್ಟು ಜಾಗ್ರತೆಯ ಮನುಷ್ಯ ಮ್ಹಾಪಸಾದಲ್ಲೇ ಇಲ್ಲ."

ಜಾಗ್ರತೆಯ ಮನುಷ್ಯ! ಗೀತಾಂಜಲಿಗೆ ನಗು ಬಂತು, ಕಣ್ಣೀರೂ ಬಂತು. ಆಗಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ದಿನಾ ನನ್ನ ಮುಖ ನೋಡಲಿ, ನೋಡಿ ಬೇಯಲಿ ಎಂದುಕೊಂಡಳು. ಸಿಟ್ಟು ಅಷ್ಟೇನಾ, ಇನ್ನೇನಾದರೂ ಇತ್ತಾ ಎಂದು ನೀವು ಕೇಳಬೇಡಿ, ಅವಳಿಗೇ ಗೊತ್ತಿರಲಿಲ್ಲ.

ಪಾಠ ಬೆಳಿಗ್ಗೆ ಆರೂವರೆಗೆ, ಗದ್ದೆಗಳ ನಡುವಿನ ಖಾಲಿ ರಸ್ತೆಯಲ್ಲಿ.

"ಕುಂದರಬ್ಯಾಡ್ರಿ. ಮೊದಲ ಗಾಡಿ ಸುತ್ತ ಒಂದು ಸುತ್ತು ಹಾಕ್ರಿ," ಎನ್ನುತ್ತಿದ್ದ. "ನಾಲ್ಕೂ ಗಾಲಿ ನೋಡ್ರಿ. ಕೆಳಗ ಎಣ್ಣಿ ಸೋರೇತೇನು ನೋಡ್ರಿ."

ಬಾನೆಟ್ ಎತ್ತಿ ತೋರಿಸುತ್ತಿದ್ದ. "ಇದು ಬ್ರೇಕ್ ಆಯಿಲ್. ಈ ಎರಡು ಗೆರಿ ನಡಕ ಇರಬೇಕು. ಇದು ರೇಡಿಯೇಟರ್. ಬಿಸಿ ಇದ್ದಾಗ ಮುಚ್ಚಳ ಮುಟ್ಟಿದ್ರ ಮಾರಿ ಸುಡ್ತೈತಿ."

"ಸುಡೂದು ನಿಮಗ ಚಲೋ ಗೊತ್ತೈತಲ್ರಿ," ಎಂದು ಚುಚ್ಚಿದಳು.

ಅವನು ಮಣಿಕಟ್ಟಿನ ಮೇಲೆ ಅಂಗಿಯ ತೋಳು ಎಳೆದುಕೊಂಡ, ಅಷ್ಟೇ.

ಇಳಿಜಾರು ಬಂದರೆ, "ನ್ಯೂಟ್ರಲ್ ಮಾಡಬ್ಯಾಡ್ರಿ, ಎರಡನೇ ಗೇರಿಗೆ ತಗೋರಿ, ಗಾಡಿನ ಗಾಡಿ ಹಿಡೀತೈತಿ," ಎನ್ನುತ್ತಿದ್ದ. ಚಪ್ಪಲಿ ಜಾರಿದರೆ, "ಪಟ್ಟಿ ಇರೋ ಚಪ್ಪಲಿ ಹಾಕ್ಕೊಂಡು ಬರ್ರಿ," ಎಂದು ಪಾಠವನ್ನೇ ನಿಲ್ಲಿಸಿಬಿಡುತ್ತಿದ್ದ.

ಇಷ್ಟೆಲ್ಲ ಮುಗಿದ ಮೇಲೆ ಮಂಡಿಯೂರಿ ಪೆಡಲಿನ ಹಿಂದೆ ಕೈ ಹಾಕುವುದು. ದಿನಾ! ಚಹಾ ಕುಡಿಯಲು ಐದು ನಿಮಿಷ ಇಳಿದು ಹತ್ತಿದರೂ ಮತ್ತೊಮ್ಮೆ.

"ದಿನಾ ಏನು ಹುಡುಕ್ತೀರಿ ಅಲ್ಲೆ?"

"ಏನೂ ಇರಬಾರ್ದು ಅಂತ ಹುಡುಕ್ತೇನ್ರಿ."

"ಸೋಮುನ ಗಾಡಿ ಮಾಡೋವಾಗ ಈ ಹುಷಾರಿ ಎಲ್ಲಿ ಹೋಗಿತ್ತು?"

ಅವನು ಮ್ಯಾಟು ಸರಿಮಾಡುತ್ತ, "ಆವತ್ತ ಇರಲಿಲ್ರಿ," ಎಂದ.

ಸುಳ್ಳು! ಎಂದಿತು ಅವಳ ಮನಸ್ಸು. ಆವತ್ತು ಇವನು ನಾಲ್ಕು ಸಲ ಓಡಿಸಿ ನೋಡಿದ್ದನ್ನು ಕಣ್ಣಾರೆ ಕಂಡವಳು ಅವಳು. ಒಂದು ನಟ್ಟನ್ನು ಮೂರು ಸಲ ಮುಟ್ಟಿ ನೋಡುವ ಮನುಷ್ಯ ಬ್ರೇಕು ಸಡಿಲ ಬಿಡುತ್ತಾನೆಯೇ? ಬಿಟ್ಟಿರಲೇಬೇಕು... ಇಲ್ಲದಿದ್ದರೆ ನನ್ನ ತಮ್ಮ ಯಾಕೆ ಸತ್ತ?

ಒಂದು ಬೆಳಿಗ್ಗೆ ಎಮ್ಮೆಯೊಂದು ಗದ್ದೆಯಿಂದ ದಿಢೀರನೆ ರಸ್ತೆಗೆ ಬಂತು.

"ಬ್ರೇಕ್!"

ಕಾಲು ಮರಗಟ್ಟಿತು. ಕನ್ನಡಿಯಲ್ಲಿ ನೀಲಿ ಅಂಗಿ...

"ಗೀತಾ, ನಾ ನೋಡೇನಿ. ಕೆಳಗ ಏನೂ ಇಲ್ಲ. ಒತ್ತು!"

ಒತ್ತಿದಳು. ಕಾರು ಎಮ್ಮೆಯ ಮೂತಿಗೆ ಎರಡು ಮಾರು ದೂರದಲ್ಲಿ ನಿಂತಿತು. ಅವಳು ಸ್ಟೇರಿಂಗ್ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವನ ಕೈ ಅವಳ ಬೆನ್ನ ಹತ್ತಿರದವರೆಗೂ ಬಂದು, ಮುಟ್ಟದೆ ಹಿಂದೆ ಹೋಯಿತು. ಅವಳಿಗೆ ಅದು ಗೊತ್ತಾಯಿತು. ಮುಟ್ಟಬಾರದಿತ್ತೇ ಎನ್ನಿಸಿ, ಹಾಗೆ ಅನ್ನಿಸಿದ್ದಕ್ಕೇ ತನ್ನ ಮೇಲೆ ಸಿಟ್ಟು ಬಂತು.

ಛೀ... ತಮ್ಮನನ್ನು ಕೊಂದವನ ಕೈಗೆ ಕಾಯುತ್ತೀಯಾ ಗೀತಾ?

* * *

ಜನವರಿಯಲ್ಲಿ ಲೈಸನ್ಸು ಬಂತು. ಮಗಳು ಕಾರು ಓಡಿಸುವುದನ್ನು ನೋಡಲು ಚಂದವ್ವ ಬಸ್ಸು ಬದಲಿಸುತ್ತ ಶುಕ್ರವಾರದ ಸಂತೆಯ ದಿನ ಮ್ಹಾಪಸಾಕ್ಕೆ ಬಂದಳು. ಅಂಗಳದಲ್ಲಿ ಕಾರಿನ ಸರ್ವಿಸ್ ಮುಗಿಸಿ ನಿಂತಿದ್ದವನನ್ನು ಕಂಡು ಅವಳ ಹೆಜ್ಜೆ ನಿಂತಿತು.

"ಇಂವ ಇಲ್ಲ್ಯಾಕ ಅದಾನ?"

"ಬಾಯಿಯವರ ಗಾಡಿ ಮಿಸ್ತ್ರಿ, ಯವ್ವಾ," ಎಂದಳು ಗೀತಾಂಜಲಿ, ತಾಯಿಯ ಕಣ್ಣು ತಪ್ಪಿಸಿ.

ಚಂದವ್ವ ಮುಖ ತಿರುಗಿಸಿಕೊಂಡಳು. ಚೀಲದಿಂದ ಒಂದು ಗಂಟು ತೆಗೆದು ಮಗಳ ಕೈಗಿಟ್ಟಳು. ಕೆಂಪು ಖಣ, ಒಳಗೆ ತೆಂಗಿನಕಾಯಿ. "ಸೋಮು ಮುಟ್ಟಿಸಲಾರದ ಹರಕಿ. ನಿನ್ನ ಗಾಡಿಯಾಗರೆ ತಾಯಿಗೆ ಮುಟ್ಟಲಿ. ಮುಂದಿಡು."

ಗೀತಾಂಜಲಿ ಕಾಯಿಯನ್ನು ಕಣ್ಣಿಗೊತ್ತಿಕೊಂಡು ಗಾಜಿನ ಬುಡದಲ್ಲಿಟ್ಟಳು.

"ಬ್ಯಾಡ!"

ಅದು ಕೂಗಲ್ಲ, ಚೀರಾಟ! ಗುರುಲಿಂಗ ಓಡಿಬಂದು ಕಾಯಿಯನ್ನು ಕಸಿದುಕೊಂಡ. ಎದೆಗೆ ಅವುಚಿಕೊಂಡ.

"ಮುಂದ ಬ್ಯಾಡ್ರಿ... ಡಿಕ್ಕಿಯೊಳಗ ಇಡ್ರಿ... ಕೈ ಮುಗೀತೇನಿ, ಮುಂದ ಮಾತ್ರ ಬ್ಯಾಡ್ರಿ..."

"ದೇವರ ಕಾಯಿಗೆ ಕೈ ಹಾಕ್ತಿಯೇನೋ?" ಚಂದವ್ವ ಸಿಡಿದಳು. "ನನ್ನ ಮಗನ್ನ ನುಂಗಿದ್ದು ಸಾಲಲಿಲ್ಲೇನ ನಿನಗ?"

ಅವನು ಕಾಯಿಯನ್ನು ಡಿಕ್ಕಿಯಲ್ಲಿ, ಹಸುಗೂಸನ್ನು ಮಲಗಿಸುವಂತೆ ಇಟ್ಟ. ಗೇಟು ದಾಟಿ ಹೋಗಿಯೇಬಿಟ್ಟ. ಅವನ ಸಲಕರಣೆಯ ಪಾನಾ ಪೆಟ್ಟಿಗೆ ಅಂಗಳದಲ್ಲೇ ಉಳಿಯಿತು.

ರೂಪಿಬಾಯಿ ಚಂದವ್ವನನ್ನು ಸಮಾಧಾನ ಮಾಡಿ ಒಳಗೆ ಕರೆದೊಯ್ದರು. ಗೀತಾಂಜಲಿ ಚೆಲ್ಲಾಪಿಲ್ಲಿಯಾಗಿದ್ದ ಪಾನಾಗಳನ್ನು ಪೆಟ್ಟಿಗೆಗೆ ತುಂಬತೊಡಗಿದಳು. ಪೆಟ್ಟಿಗೆಯ ತಳದಲ್ಲಿ ಪ್ಲಾಸ್ಟಿಕ್ ಚೀಲವೊಂದಿತ್ತು. ಅದರೊಳಗೆ ಮಡಿಸಿಟ್ಟ ಒಂದು ಬಟ್ಟೆ.

ಬಿಡಿಸಿದಳು. ಮಾಸಿದ ಕೆಂಪು ಖಣ.

ಡಿಕ್ಕಿ ತೆರೆದು, ಕಾಯಿ ಕಟ್ಟಿದ ಖಣದ ಪಕ್ಕ ಅದನ್ನು ಹಿಡಿದಳು. ಅದೇ ಅಂಚು, ಅದೇ ಹೂವು. ಅರ್ಧ ಕತ್ತರಿಸಿದ ಹೂವು ಇಲ್ಲಿ, ಉಳಿದರ್ಧ ಅಲ್ಲಿ. ಅವ್ವನ ಮದುವೆಯ ಖಣ!

ಇದು ಸೋಮುನ ಕಾರಿನಲ್ಲಿದ್ದ ಕಾಯಿಯ ಖಣ. ಇವನ ಹತ್ತಿರ ಯಾಕಿದೆ?

ಬಟ್ಟೆಯ ನಡುವೆ ಕಪ್ಪು ಗೆರೆಗಳಿದ್ದವು. ಒಂದರ ಪಕ್ಕ ಒಂದು, ನೆಟ್ಟಗೆ. ಇಂಥ ಗೆರೆ ಎಲ್ಲೋ ನೋಡಿದ್ದೇನೆ... ದಿನಾ ನೋಡುತ್ತೇನೆ...

ಕಾಲು ತಾನಾಗಿಯೇ ಅವಳನ್ನು ಡ್ರೈವರ್ ಬಾಗಿಲಿಗೆ ಒಯ್ದಿತು. ಬ್ರೇಕ್ ಪೆಡಲಿನ ರಬ್ಬರು. ಅದರ ಮೇಲೆ, ಹಿಂದಕ್ಕೆ ಮಡಿಚಿದ ಅಂಚಿನ ಮೇಲೂ, ಅಂಥವೇ ಗೆರೆಗಳು.

ಗೀತಾಂಜಲಿ ಕಾಯಿಯನ್ನು ತಂದಳು. ಪೆಡಲಿನ ಹಿಂದೆ ನೆಲದ ಮೇಲಿಟ್ಟಳು. ಸೀಟಿನಲ್ಲಿ ಕುಳಿತು, ಬ್ರೇಕು ಒತ್ತಿದಳು.

ಪೆಡಲು ಇಳಿಯಲಿಲ್ಲ.

ಜೋರಾಗಿ ಒತ್ತಿದಳು. ಎರಡೂ ಕಾಲಿಟ್ಟು ಒತ್ತಿದಳು. ಕಲ್ಲಿನ ಮೇಲೆ ಒತ್ತಿದ ಹಾಗೆ... ಇಳಿಯಲೇ ಇಲ್ಲ!

ಕನ್ನಡಿಯಲ್ಲಿ ಸೋಮು ಬಗ್ಗಿ ಕಾಲ ಕೆಳಗೆ ನೋಡುತ್ತಿದ್ದ. ಆಗ ಅವಳಿಗೆ ಆ ಬೆಳಿಗ್ಗೆ ನೆನಪಾಯಿತು.

ಸೋಮು ಹೊರಟಿದ್ದ. ಅವಳು ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇಡಲು ಹೋಗಿ ಕಾಯಿಯನ್ನು ಕಂಡಿದ್ದಳು. ಸ್ಟೆಪ್ನಿಯ ಪಕ್ಕ ದೇವರು! "ಆ ಮಿಸ್ತ್ರಿ ಮಾತು ಕೇಳ್ತಿಯೇನೋ?" ಎಂದು ನಕ್ಕು, ಎತ್ತಿಕೊಂಡು ಬಂದು, ಗಾಜಿನ ಬುಡದಲ್ಲಿಟ್ಟವಳು... ಇದೇ ಕೈಯಿಂದ...

ನಾನೇ. ನಾನೇ ಇಟ್ಟೆ.

* * *

ಮಾರ್ಕೆಟ್ಟಿನ ಹಿಂದಿನ ಶೆಡ್ಡಿನಲ್ಲಿ ಗುರುಲಿಂಗ ಸುಮ್ಮನೆ ಒಂದು ಟೈರಿನ ಮೇಲೆ ಕುಳಿತಿದ್ದ. ಅವಳು ಬಂದು ಮಾಸಿದ ಖಣವನ್ನು ಅವನ ಮುಂದೆ ಹಿಡಿದಳು.

"ಬ್ರೇಕ್ ಚಲೋ ಇತ್ತು. ಅಲ್ರಿ?"

ಅವನು ಎದ್ದು ನಿಂತ. "ನೀವು ಮನಿಗೆ ಹೋಗ್ರಿ."

"ಖರೇ ಹೇಳ್ರಿ! ಬ್ರೇಕ್ ಚಲೋ ಇತ್ತೋ ಇಲ್ಲೋ?"

"ತಪ್ಪು ನಂದ ಅಂತ ಆವತ್ತ ಹೇಳೇನಲ್ರಿ."

"ನಾ ಪೆಡಲ್ ಹಿಂದ ಕಾಯಿ ಇಟ್ಟು ಒತ್ತಿ ನೋಡೇನ್ರಿ! ಇಳೀಲಿಲ್ಲ... ಇಳೀಲಿಲ್ರಿ ಅದು!"

ಗುರುಲಿಂಗ ಮತ್ತೆ ಟೈರಿನ ಮೇಲೆ ಕುಳಿತ.

"ಸೋಮುನ್ನ ಹೊರಗ ಎಳೀವಾಗ ಕಂಡ್ತು. ಹ್ಯಾಂಡ್‌ಬ್ರೇಕ್ ಪೂರ್ತಿ ಎಳದಿದ್ದ ಹುಡುಗ... ಕೊನೀ ತನಕ ನಿಲ್ಲಸಾಕ ನೋಡ್ಯಾನ. ಕಾಯಿ ಪೆಡಲ್ ಹಿಂದ ಸಿಕ್ಕೊಂಡಿತ್ತು. ತಿರುವಿನಾಗ ಉರುಳಿ ಬಿದ್ದಿರಬೇಕು." ಉಸಿರು ಎಳೆದುಕೊಂಡ. "ನಾ ಡಿಕ್ಕಿಯೊಳಗ ಇಟ್ಟ ಕಾಯಿ ಮುಂದ ಬಂದೈತಿ ಅಂದ್ರ, ಯಾರ ತಂದಿಟ್ಟಾರ ಅಂತ ತಿಳೀತು. ಯಾರೂ ನೋಡೂದ್ರೊಳಗ ಅಂಗಿಯೊಳಗ ಮುಚ್ಚಿಟ್ಟೆ. ಕಾಯಿ ಹೊಳಿಗೆ ಬಿಟ್ಟೆ. ಖಣ ಬಿಡಾಕ ಮನಸಾಗಲಿಲ್ಲ. ನಿಮ್ಮವ್ವನ ಮದಿವಿದು ಅಂತ ನೀವ ಹೇಳಿದ್ರಿ."

"ಯಾಕ ಹೇಳ್ಲಿಲ್ರಿ? ಯಾಕ?" ಅವಳು ಅವನ ಅಂಗಿ ಹಿಡಿದು ಅಲುಗಾಡಿಸಿದಳು. "ಎಲ್ಲಾರೂ ನಿಮ್ಮನ್ನ ಕೊಲೆಗಡುಕ ಅಂದ್ರು! ನಾ ಅಂದೆ! ಒಂದು ಮಾತು ಹೇಳಬಾರ್ದಾಗಿತ್ತೇನು?"

"ಹೇಳಿದ್ರ ನೀವು ಬದುಕ್ತಿದ್ರೇನ್ರಿ, ಗೀತಾ?"

ಅವಳ ಕೈ ಹಾಗೆಯೇ ನಿಂತಿತು.

"ಮಿಸ್ತ್ರಿ ಮ್ಯಾಲಿನ ಸಿಟ್ಟು ಹೊತ್ತು ಮನಷ್ಯಾ ಬದುಕಬಹುದು. ಆದ್ರ ನನ್ನ ಕೈಯಾರೆ ಅಂತ ತಿಳಿದ್ರ..." ಅವನ ಕಣ್ಣು ತುಂಬಿತು. "ನೀವು ಸಿಟ್ಟಾಗರೆ ಇರ್ರಿ, ಆದ್ರ ಇರ್ರಿ, ಅಂತ ಅನಿಸ್ತು ನನಗ. ಮತ್ತ, ತಪ್ಪು ನಂದ ಅಂದದ್ದು ಪೂರಾ ಸುಳ್ಳೂ ಅಲ್ರಿ. ಉರುಳ್ತೈತಿ ಅಂತ ನಕ್ಕೋತ ಹೇಳಿದೆ. ಪೆಡಲ್ ಕೆಳಗ ಹೋದ್ರ ಜೀವ ಹೋಗ್ತೈತಿ ಅಂತ ಬಿಡಿಸಿ ಹೇಳಬೇಕಿತ್ತು. ನೀವು ಮುಖ ಊದಿಸಿದ್ದು ನೋಡಿ... ಅದನ್ನ ನೋಡಿಕೋತ ನಿಂತುಬಿಟ್ಟೆ."

ಗೀತಾಂಜಲಿ ಅಲ್ಲೇ ಎಣ್ಣೆ ಹಿಡಿದ ನೆಲದ ಮೇಲೆ ಕುಳಿತುಬಿಟ್ಟಳು. ಎದೆ ಬಿರಿಯುವ ಹಾಗೆ ಅತ್ತಳು. ತಮ್ಮನಿಗಾಗಿ, ತನ್ನ ಕೈಗಾಗಿ, ದಿನಾ ಮಂಡಿಯೂರಿ ಖಾಲಿ ನೆಲ ಸವರುತ್ತಿದ್ದ ಈ ಮನುಷ್ಯನಿಗಾಗಿ. ಈ ಸಲ ಅವನ ಕೈ ಅವಳ ಬೆನ್ನ ಹತ್ತಿರ ಬಂದು ಹಿಂದೆ ಹೋಗಲಿಲ್ಲ.

"ಅವ್ವಗ ಹೇಳಬ್ಯಾಡ್ರಿ," ಎಂದ ಅವನು. "ನನ್ನ ಹೆಸರ ಇರ್ಲಿ."

"ಇಲ್ಲ," ಎಂದಳು ಕಣ್ಣೊರೆಸಿಕೊಂಡು. "ನಾಲ್ಕು ವರ್ಷ ಒಬ್ಬರ ಹೊತ್ತೀರಿ. ಸಾಕು. ಇನ್ನ ನನಗೂ ಕೊಡ್ರಿ."

* * *

ಚಂದವ್ವ ಎಲ್ಲವನ್ನೂ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ. ಖಣದ ಎರಡು ತುಂಡುಗಳನ್ನು ಮಡಿಲಲ್ಲಿ ಜೋಡಿಸಿ, ಕತ್ತರಿಸಿದ ಹೂವಿನ ಮೇಲೆ ಬೆರಳಾಡಿಸಿದಳು.

"ಕಟ್ಟಿದಾಕಿ ನಾ. ಇಟ್ಟಾಕಿ ನೀ," ಎಂದಳು ಕೊನೆಗೆ. "ಹೊತ್ತಾಂವ ಅಂವ."

ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋಗು, ಊಟಕ್ಕ ಕರಕೊಂಡು ಬಾ ಅಂವನ್ನ. ನಾ ರೊಟ್ಟಿ ಬಡೀತೇನಿ."

ಆ ಮಧ್ಯಾಹ್ನ ಗುರುಲಿಂಗ ಕೈ ತೊಳೆದು ಬಂದು ಎಲೆಯ ಮುಂದೆ ಕುಳಿತ. ಊಟಕ್ಕೆ ಕೈ ಹೊರತೆಗೆಯಲು ಹಿಂಜರಿಯುತ್ತಿದ್ದವನನ್ನು ನೋಡಿ ಚಂದವ್ವನೇ ಬಿಸಿ ರೊಟ್ಟಿಯನ್ನು ಅವನ ಅಂಗೈಗೆ ಹಾಕಿದಳು. "ಉಣ್ಣು, ತಮ್ಮಾ." ಅವನು ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟ.

ಮುಂದಿನ ತಿಂಗಳು ರೂಪಿಬಾಯಿ ನಾಲ್ಕು ದಿನಕ್ಕೆ ಕಾರು ಕೊಟ್ಟು, ಗುರುಲಿಂಗನನ್ನೂ ಜೊತೆ ಮಾಡಿ ಕಳಿಸಿದರು. ಮೊದಲು ಕುಡಚಡೆ, ಅಲ್ಲಿಂದ ಚಂದವ್ವನನ್ನು ಹತ್ತಿಸಿಕೊಂಡು ಬನಶಂಕರಿ. ಕಾಯಿ ಡಿಕ್ಕಿಯಲ್ಲಿತ್ತು, ಖಣದ ಎರಡೂ ತುಂಡುಗಳನ್ನು ಹೊದ್ದುಕೊಂಡು, ಸ್ಟೆಪ್ನಿಯ ಪಕ್ಕದಲ್ಲಿ!

ಊರ ಹೊರಗೆ ಆ ಇಳಿಜಾರು ಬಂತು.

ಗೀತಾಂಜಲಿ ಎರಡನೇ ಗೇರಿಗೆ ತಂದಳು. ತಿರುವಿನಲ್ಲಿ ಮೆಲ್ಲಗೆ ಬ್ರೇಕಿನ ಮೇಲೆ ಕಾಲಿಟ್ಟಳು. ಪೆಡಲು ಇಳಿಯಿತು. ಕಾರು ತಗ್ಗಿತು, ರಸ್ತೆಯ ಪಕ್ಕಕ್ಕೆ ಸರಿಯಿತು, ನಿಂತಿತು.

ಧೈರ್ಯ ಮಾಡಿ ಕನ್ನಡಿ ನೋಡಿದಳು.

ಹಿಂದಿನ ಸೀಟಿನಲ್ಲಿ ಅವ್ವ ಇದ್ದಳು, ಕಣ್ಣು ಮುಚ್ಚಿ, ಕೈ ಮುಗಿದು. ಅವಳ ಪಕ್ಕದ ಜಾಗ ಖಾಲಿ. ನೀಲಿ ಅಂಗಿ ಇರಲಿಲ್ಲ. ಹೋದೆಯೇನೋ ಸೋಮು? ಗೀತಾಂಜಲಿಗೆ ನೆಮ್ಮದಿಯೂ ಆಯಿತು, ಕರುಳೂ ಹಿಂಡಿತು. ಮೂವರೂ ಇಳಿದು, ಅವನು ಬಿದ್ದ ಜಾಗಕ್ಕೆ ಹೂ ಹಾಕಿ ಬಂದರು.

ಮತ್ತೆ ಹತ್ತುವಾಗ ಗುರುಲಿಂಗ ಅಭ್ಯಾಸದಂತೆ ಡ್ರೈವರ್ ಬಾಗಿಲ ಬಳಿ ಮಂಡಿಯೂರಲು ಬಂದ.

"ನಾ ನೋಡೇನ್ರಿ," ಎಂದಳು ಗೀತಾಂಜಲಿ.

"ಮ್ಯಾಟ್ ಕೆಳಗ?"

"ಅಲ್ಲೂ ನೋಡೇನಿ. ಸೀಟಿನ ಕೆಳಗೂ. ಏನೂ ಇಲ್ಲ."

"ಮತ್ತ ಇನ್ನ ನನ್ನ ಕೈಗೆ ಏನು ಕೆಲಸ?" ಎಂದು ಅವನು ನಕ್ಕ. ನಾಲ್ಕು ವರ್ಷದಲ್ಲಿ ಅವಳು ನೋಡಿದ ಮೊದಲ ನಗು.

ಅವನು ಸುತ್ತಿ ಬಂದು ಪಕ್ಕದಲ್ಲಿ ಕುಳಿತ ಮೇಲೆ ಅವಳು ಮೆಲ್ಲಗೆ ಕೇಳಿದಳು. "ಕೈ ತೋರಸ್ರಿ ಇಲ್ಲೆ."

ಅವನು ಅಳುಕುತ್ತ ಕೈ ಚಾಚಿದ. ಅವಳು ಆ ಸುಟ್ಟ ಕಲೆಯ ಮೇಲೆ ತನ್ನ ಅಂಗೈ ಮುಚ್ಚಿದಳು.

"ಇನ್ನ ಮುಂದ ಈ ಕೈ ನನ್ನಿಂದ ಮುಚ್ಚಿಡಬ್ಯಾಡ್ರಿ."

"ಆತ್ರಿ," ಎಂದ. "ಆದ್ರ ಗಾಡಿ ಓಡಸೋವಾಗ ಎರಡೂ ಕೈ ಸ್ಟೇರಿಂಗ್ ಮ್ಯಾಲೆ ಇರಬೇಕ್ರಿ."

"ಗಾಡಿ ನಿಂತೈತಲ್ರಿ, ಹ್ಯಾಂಡ್‌ಬ್ರೇಕ್ ಎಳದೇನಿ," ಎಂದಳು ಅವಳು, ಕೈ ಬಿಡದೆ. "ಇನ್ನೊಂದೀಟು ಹೊತ್ತು ನಿಲ್ಲಲಿ."

ಹಿಂದಿನ ಸೀಟಿನಲ್ಲಿ ಚಂದವ್ವ ಮತ್ತೆ ಕಣ್ಣು ಮುಚ್ಚಿಕೊಂಡಳು. ಸುಮ್ಮನೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.